ನಮ್ಮ ಪಾಲು ಎಷ್ಟು? ಒಂದು ಖಾರದ ಪುಡಿ ಮಿಲ್ಲಿನ ಅನುಭವ

ಒಣಮೆಣಸಿನಕಾಯಿ ವ್ಯಾಪಾರದಲ್ಲಿ ದುಡ್ಡು ಮಾಡಲು ನೇರ ದಾರಿ ಒಂದಿದ್ದರೆ ಅಡ್ಡದಾರಿ ಹತ್ತಿವೆ. ರಾತ್ರಿ ಕಾಯಿಗೆ ನೀರು ಚಿಮುಕಿಸಿದರೆ ಬೆಳಗ್ಗೆ ತೂಕ ಏರುತ್ತದೆ. ಎಣ್ಣೆ ಸವರಿದರೆ ಹಳೇ ಕಾಯಿಯೂ ಮಿಂಚುತ್ತದೆ. ತೊಟ್ಟು ಬಿಡಿಸದೆ ಬೀಸಿದರೆ ಕೂಲಿ ಉಳಿಯುತ್ತದೆ. ಗುಂಟೂರು ಕಾಯಿಗೆ ನಾಲ್ಕು ಹಿಡಿ ಬ್ಯಾಡಗಿ ಕಾಯಿ ಸೇರಿಸಿ ‘ಅಪ್ಪಟ ಬ್ಯಾಡಗಿ’ ಎಂದು ಚೀಟಿ ಅಂಟಿಸಬಹುದು. ಬಣ್ಣದ ಮಾತು ಆಮೇಲೆ ಹೇಳುತ್ತೇನೆ. ಇದ್ಯಾವುದೂ ಗುಟ್ಟಲ್ಲ. ಈ ಧಂದೆಯಲ್ಲಿ ಇರುವ ಎಲ್ಲರಿಗೂ ಗೊತ್ತು. ಎಲ್ಲರೂ ಮಾಡುತ್ತಾರೆ ಅಂತಲ್ಲ. ಮಾಡದೇ ಇರುವವರು ದಿನಾ ಇದರ ನಡುವೆಯೇ ಅಂಗಡಿ ತೆರೆಯಬೇಕು.

ನಮ್ಮದು ಹಾವೇರಿ ಜಿಲ್ಲೆಯಲ್ಲಿ ಒಂದು ಖಾರದ ಪುಡಿ ಮಿಲ್ಲು. ಮಾವನವರು ಕಟ್ಟಿದ್ದು. ಕಾಯಿ ಖರೀದಿ ನಮ್ಮ ಯಜಮಾನರದು. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆ ಇರುತ್ತದೆ. ಸುಗ್ಗಿಯಲ್ಲಿ ಆ ಎರಡು ದಿನ ಅವರು ಮನೆಯಲ್ಲಿ ಊಟಕ್ಕೆ ಸಿಗುವುದಿಲ್ಲ. ಮಾವನವರಿಗೆ ಮೊಣಕಾಲು ನೋವು ಜಾಸ್ತಿಯಾದ ಮೇಲೆ ಮಿಲ್ಲು, ಪ್ಯಾಕಿಂಗ್, ಲೆಕ್ಕಪತ್ರ ನನ್ನ ಕೈಗೆ ಬಂದವು. ದೇವರ ಕೋಣೆಯಲ್ಲಿ ನಾವು ಏನನ್ನು ನಂಬುತ್ತೇವೋ ಅದನ್ನೇ ವ್ಯಾಪಾರದ ಗದ್ದಿಯ ಮೇಲೂ ನಂಬಬೇಕು ಎಂದು ಹೊರಟು, ಒಂದೊಂದೇ ಕೆಲಸವನ್ನು ಬದಲಿಸುತ್ತಾ ಬಂದೆವು. ಅದು ಹೇಗೆ ಆಯಿತು, ಎಷ್ಟು ಕಷ್ಟವಾಯಿತು ಎಂದು ಬೇರೆ ವ್ಯಾಪಾರದ ಮನೆಗಳ ಹೆಣ್ಣುಮಕ್ಕಳು ನನ್ನನ್ನು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಂಬಿಕೆ ಎಂದರೆ ಏನು ಎಂದು ಮೊದಲು ಹೇಳಬೇಕು. ನಮ್ಮ ಮನೆಯಲ್ಲಿ ಬೆಳಗ್ಗೆ ಲಿಂಗಪೂಜೆ ತಪ್ಪುವುದಿಲ್ಲ. ಕಾಯಕ, ದಾಸೋಹ ಎಂಬ ಮಾತು ಮಕ್ಕಳ ಬಾಯಲ್ಲೂ ಇದೆ. ಆದರೆ ಮಾತು ಬಾಯಲ್ಲಿರುವುದು ಬೇರೆ, ಕೈಗೆ ಇಳಿಯುವುದು ಬೇರೆ. ಕೈಗೆ ಇಳಿಸಿದವರು ಇಬ್ಬರು.

ಒಬ್ಬರು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಬೆಳಗಿನ ಜಾವದ ಚಳಿಯಲ್ಲಿ ಚಾಪೆ ಮೇಲೆ ಕೂತು ಅವರ ಪ್ರವಚನ ಕೇಳಿದ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಅವರ ಬಿಳಿ ಅಂಗಿಗೆ ಜೇಬು ಇರಲಿಲ್ಲ. 2018ರಲ್ಲಿ ಸರ್ಕಾರ ಪದ್ಮಶ್ರೀ ಘೋಷಿಸಿದಾಗ ಸನ್ಯಾಸಿಗೆ ಪ್ರಶಸ್ತಿ ಬೇಡ ಎಂದು ವಿನಯದಿಂದ ಬಿಟ್ಟುಕೊಟ್ಟರು. 2023ರ ಜನವರಿ 2ರಂದು ಅವರು ಹೋದಾಗ ಸ್ಮಾರಕ ಕೂಡ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ವ್ಯಾಪಾರಿಗೆ ಜೇಬು ಬೇಕೇ ಬೇಕು, ಅದು ನನಗೆ ಗೊತ್ತಿದೆ. ಆದರೂ ಆ ಜೇಬಿಲ್ಲದ ಅಂಗಿಯನ್ನು ಹತ್ತಿರದಿಂದ ನೋಡಿದ ಮೇಲೆ ನಮ್ಮ ಜೇಬಿಗೆ ಏನು ಬೀಳುತ್ತಿದೆ ಎಂದು ನೋಡಿಕೊಳ್ಳುವುದು ಅಭ್ಯಾಸವಾಯಿತು.

ಇನ್ನೊಬ್ಬಳು 12ನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿ ಅವರು. ಗಂಡ ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಅವನು ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಇಷ್ಟೊಂದು ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಕದ್ದ ಅಕ್ಕಿ ಅಲ್ಲ ಅದು. ಯಾರೂ ಕೇಳುತ್ತಲೂ ಇರಲಿಲ್ಲ. ಆದರೂ ಅವಳಿಗೆ ಅದು ‘ನಮ್ಮದಲ್ಲ’. ಈ ಕಥೆಯನ್ನು ನನ್ನ ತವರಿನಲ್ಲಿ ಅಜ್ಜಿ ಎಷ್ಟೋ ಸಲ ಹೇಳಿದ್ದಳು. ಮಿಲ್ಲಿನ ಚಾವಿ ಕೈಗೆ ಬಂದ ಮೇಲೆ ಅದು ಕಥೆಯಾಗಿ ಉಳಿಯಲಿಲ್ಲ. ಕಾನೂನು ಬಿಡುತ್ತದಾ, ಗಿರಾಕಿಗೆ ಗೊತ್ತಾಗುತ್ತದಾ ಎಂಬ ಎರಡು ಪ್ರಶ್ನೆ ಎಲ್ಲ ವ್ಯಾಪಾರಿಗಳೂ ಕೇಳಿಕೊಳ್ಳುತ್ತಾರೆ. ಲಕ್ಕಮ್ಮ ಮೂರನೇ ಪ್ರಶ್ನೆ ಕೇಳುತ್ತಾಳೆ: ಇದು ನಮ್ಮದಾ?

ಈ ಪ್ರಶ್ನೆ ಮೊದಲು ಹೋಗಿ ನಿಂತಿದ್ದು ಪೌಚ್ ತುಂಬುವ ಯಂತ್ರದ ಮುಂದೆ.

100 ಗ್ರಾಂ ಪೊಟ್ಟಣ ನಮ್ಮಲ್ಲಿ ಜಾಸ್ತಿ ಹೋಗುವ ಮಾಲು. ಒಂದು ಸಂಜೆ ನಾನು ಸಾಲಿನಿಂದ ಕೆಲವು ಪೊಟ್ಟಣ ಎತ್ತಿ ಚಿಕ್ಕ ತಕ್ಕಡಿಯ ಮೇಲೆ ಇಟ್ಟೆ. 99, 100, 99. ಸರಿ ಇದೆ ಅನ್ನಿಸಿತು. ಆಮೇಲೆ ಒಂದನ್ನು ಕತ್ತರಿಸಿ ಪುಡಿಯನ್ನು ಬಟ್ಟಲಿಗೆ ಸುರಿದು ತೂಗಿದೆ. 97 ಚಿಲ್ಲರೆ. ಪ್ಲಾಸ್ಟಿಕ್ಕಿನ ತೂಕವೂ ಖಾರದ ಲೆಕ್ಕದಲ್ಲಿ ಹೋಗುತ್ತಿತ್ತು. ಯಂತ್ರ ನೋಡಿಕೊಳ್ಳುವ ಹುಡುಗ ಬುದ್ಧಿವಂತ. ಅವನು ಅಳುಕದೆ ಉತ್ತರ ಕೊಟ್ಟ: “ಅಕ್ಕಾರ, ಕಾಯ್ದೆನ ನಾಲ್ಕೂವರಿ ಗ್ರಾಂ ಬಿಟ್ಟೈತಿ. ನಾವು ಮೂರರ ಒಳಗ ಅದೀವಿ. ಯಾವ ಸಾಹೇಬ್ರು ಬಂದ್ರೂ ಕೇಸ್ ಆಗೂದಿಲ್ಲ.”

ಅವನು ಹೇಳಿದ್ದರಲ್ಲಿ ಅರ್ಧ ನಿಜ. 2011ರ ಪೊಟ್ಟಣ ಸಾಮಗ್ರಿ ನಿಯಮಗಳಲ್ಲಿ 100 ಗ್ರಾಂ ಪೊಟ್ಟಣಕ್ಕೆ 4.5 ಗ್ರಾಂವರೆಗಿನ ವ್ಯತ್ಯಾಸವನ್ನು ಸಹಿಸುತ್ತಾರೆ. ಯಂತ್ರ ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಸುರಿಯುತ್ತದೆ ಎಂಬುದಕ್ಕೆ ಆ ರಿಯಾಯಿತಿ. ಆದರೆ ಎತ್ತಿದ ಪೊಟ್ಟಣಗಳ ಸರಾಸರಿ ಮಾತ್ರ ಬರೆದ ತೂಕಕ್ಕಿಂತ ಕಡಿಮೆ ಇರಬಾರದು ಎಂದೂ ಅದೇ ನಿಯಮ ಹೇಳುತ್ತದೆ. ಯಂತ್ರ ತಪ್ಪುವುದು ಬೇರೆ, ತಪ್ಪುವಂತೆ ಯಂತ್ರವನ್ನು ತಿರುಗಿಸಿಡುವುದು ಬೇರೆ ಅಲ್ವಾ? ಮೂರು ಗ್ರಾಂ ಎಂದರೆ ಒಂದು ಚಿಟಿಕೆ. ಒಂದು ಮನೆಯ ಸಾರಿಗೆ ಏನೂ ಆಗುವುದಿಲ್ಲ. ಸಾವಿರ ಪೊಟ್ಟಣಕ್ಕೆ ಮೂರು ಕಿಲೋ. ಅದು ಸಾವಿರ ಮನೆಗಳ ಪಾಲಿನ ಮೂರು ಕಿಲೋ.

ಅವತ್ತೇ ಯಂತ್ರವನ್ನು ಪೌಚಿನ ತೂಕ ಕಳೆದು 101ಕ್ಕೆ ಹೊಂದಿಸಲು ಹೇಳಿದೆ. ಅಂಗಡಿಯ ಸಾಲಿನಲ್ಲಿ ಕೂತ ಪುಡಿ ತೇವ ಆರಿ ಸ್ವಲ್ಪ ಇಳಿಯುತ್ತದೆ, ಗಿರಾಕಿ ಮನೆಗೆ ಹೋದಾಗಲೂ 100 ಇರಬೇಕು. ಗಂಟೆಗೊಮ್ಮೆ ಒಂದಿಷ್ಟು ಪೊಟ್ಟಣ ಕತ್ತರಿಸಿ ತೂಗಿ ಪುಸ್ತಕದಲ್ಲಿ ಬರೆಯಬೇಕು ಎಂದು ಮಾಡಿದೆವು. ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಮಾಪನ ಇಲಾಖೆಯ ಮುದ್ರೆ ಹೇಗೂ ಆಗಬೇಕು. ಅದರ ಜೊತೆಗೆ ಮುದ್ರೆ ಹಾಕಿಸಿದ ಒಂದು ತೂಕದ ಬಟ್ಟನ್ನು ಮಿಲ್ಲಿನಲ್ಲೇ ಇಟ್ಟುಕೊಂಡೆವು. ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಅದನ್ನು ತಕ್ಕಡಿಯ ಮೇಲಿಟ್ಟು ನೋಡುವುದು ಪೂಜೆಯಷ್ಟೇ ಕಡ್ಡಾಯ.

ಮಾರುವ ತೂಕ ಸರಿಹೋದ ಮೇಲೆ ಕೊಳ್ಳುವ ತೂಕದ ಪ್ರಶ್ನೆ ತಾನಾಗಿಯೇ ಬಂತು. ಕೆಲವು ರೈತರು ನಮ್ಮ ಮಿಲ್ಲಿಗೇ ನೇರ ಕಾಯಿ ತರುತ್ತಾರೆ. ‘ಸೂಟು’ ಎಂದು ಕ್ವಿಂಟಲಿಗೆ ಇಷ್ಟು ಕಿಲೋ ಹಿಡಿಯುವುದು ನಮ್ಮ ಕಡೆ ಹಳೇ ರೂಢಿ. ಧೂಳು, ತೇವ, ಚೀಲದ ತೂಕ ಎಂದು ಕಾರಣ ಕೊಡುತ್ತಾರೆ. ಕಾರಣ ನಿಜವಾಗಿದ್ದರೆ ಅದನ್ನು ಅಳೆದು ಹಿಡಿಯಬಹುದಲ್ಲ? ತೇವ ನೋಡುವ ಮೀಟರ್ ತಂದೆವು. ಒಣಮೆಣಸಿನಕಾಯಿಯಲ್ಲಿ ತೇವ 11 ಪರ್ಸೆಂಟ್ ಮೀರಬಾರದು ಎಂದು ಆಹಾರ ಸುರಕ್ಷತೆಯ ನಿಯಮವೇ ಇದೆ. ರೈತರ ಕಣ್ಣ ಮುಂದೆಯೇ ಮೀಟರ್ ಹಿಡಿಯುತ್ತೇವೆ. ಖಾಲಿ ಚೀಲವನ್ನು ಅವರ ಮುಂದೆಯೇ ತೂಗುತ್ತೇವೆ. ತೇವ ಜಾಸ್ತಿ ಇದ್ದರೆ ಅಂಗಳದಲ್ಲಿ ಹರವಿ ಒಣಗಿಸಿ ಕೊಡಿ ಎನ್ನುತ್ತೇವೆ, ಜಾಗ ನಮ್ಮದೇ. ಸೂಟು ಎಂಬ ಕಲಮು ನಮ್ಮ ಪಟ್ಟಿಯಲ್ಲಿ ಈಗಿಲ್ಲ. ಒಬ್ಬ ಹಿರಿಯ ರೈತರು ಮೊದಲ ಸಲ ಪಟ್ಟಿ ನೋಡಿ, “ಯಾಕ್ರೀ ಅಕ್ಕಾರ, ಏನರೆ ಮರ್ತೀರೇನು?” ಎಂದು ಕೇಳಿದ್ದು ನನಗೆ ಇನ್ನೂ ನೆನಪಿದೆ. ಎಷ್ಟು ಕಾಲದಿಂದ ಕೊಟ್ಟು ಕೊಟ್ಟು ಅವರು ಅದನ್ನು ತಮ್ಮ ಬಾಕಿ ಎಂದೇ ತಿಳಿದಿದ್ದರು ನೋಡಿ.

ಈಗ ಬಣ್ಣಕ್ಕೆ ಬರುತ್ತೇನೆ. ನಮ್ಮನ್ನು ಜಾಸ್ತಿ ಅಲುಗಾಡಿಸಿದ್ದು ಇದೇ.

ಬ್ಯಾಡಗಿ ಕಾಯಿಯ ಹೆಸರು ನಿಂತಿರುವುದೇ ಬಣ್ಣದ ಮೇಲೆ. ಖಾರ ಕಡಿಮೆ, ಕೆಂಪು ಜಾಸ್ತಿ. ಉದ್ದಕ್ಕೆ, ಸುಕ್ಕುಸುಕ್ಕಾಗಿ ಇರುವುದು ಕಡ್ಡಿ. ಗಿಡ್ಡಕ್ಕೆ, ದಪ್ಪಗೆ ಇರುವುದು ಡಬ್ಬಿ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇದರಿಂದ ತೆಗೆದ ಬಣ್ಣದ ರಸ ತಿಂಡಿಗೂ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಆದರೆ ಈ ಕೆಂಪು ಬಹಳ ಸೂಕ್ಷ್ಮ. ಬೆಳಕು, ಬಿಸಿ ತಾಗಿದರೆ ಇಳಿಯುತ್ತಾ ಹೋಗುತ್ತದೆ. ಫೆಬ್ರುವರಿಯಲ್ಲಿ ಬೀಸಿದ ಪುಡಿ ಅಕ್ಟೋಬರಿನಲ್ಲಿ ಅದೇ ಕೆಂಪು ಇರಲು ಸಾಧ್ಯವಿಲ್ಲ. ಗಿರಾಕಿಗೆ ಮಾತ್ರ ವರ್ಷವಿಡೀ ಒಂದೇ ಕೆಂಪು ಬೇಕು. ಈ ಅಂತರದಲ್ಲೇ ಕಳ್ಳದಾರಿ ಹುಟ್ಟುತ್ತದೆ.

ಸುಡಾನ್ ಎಂಬ ಬಣ್ಣ ಬಟ್ಟೆ, ಮೇಣ, ಪಾಲಿಶ್‌ಗೆ ಬಳಸುವಂಥದ್ದು. ತಿನ್ನುವ ಪದಾರ್ಥಕ್ಕೆ ಹಾಕುವುದು ನಿಷಿದ್ಧ. 2003ರಲ್ಲಿ ಯುರೋಪಿನಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯ ಮಾಲಿನಲ್ಲಿ ಇದು ಸಿಕ್ಕಿ ದೊಡ್ಡ ಗದ್ದಲವಾಯಿತು. 2005ರಲ್ಲಿ ಬ್ರಿಟನ್ನಿನಲ್ಲಿ ಇದೇ ಕಾರಣಕ್ಕೆ ನೂರಾರು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸಿದರು. ಯಾರೋ ಮಾಡಿದ ಕೆಲಸಕ್ಕೆ ನೆಟ್ಟಗೆ ಇದ್ದವರ ಮಾಲೂ ಬಂದರಿನಲ್ಲಿ ನಿಂತಿತು. ಮನೆಯಲ್ಲಿ ಗಾಜಿನ ಲೋಟದ ನೀರಿನ ಮೇಲೆ ಪುಡಿ ಉದುರಿಸಿ ನೋಡುವ ಪರೀಕ್ಷೆ ನಿಮಗೂ ಗೊತ್ತಿರಬಹುದು. ಬಣ್ಣ ಗೆರೆಗೆರೆಯಾಗಿ ಕೆಳಗೆ ಇಳಿದರೆ ಕಲಬೆರಕೆ, ತಳದ ಗಷ್ಟನ್ನು ಬೆರಳಲ್ಲಿ ಉಜ್ಜಿದಾಗ ಕರಕರ ಎಂದರೆ ಇಟ್ಟಿಗೆ ಪುಡಿಯೋ ಮರಳೋ ಇದೆ. ಒಳ್ಳೆಯ ಪರೀಕ್ಷೆಯೇ. ಆದರೆ ಸುಡಾನ್ ಎಣ್ಣೆಯಲ್ಲಿ ಕರಗುವ ಬಣ್ಣ, ನೀರಿನಲ್ಲಿ ಸಿಕ್ಕಿಬೀಳುವುದಿಲ್ಲ. ಪ್ರಯೋಗಾಲಯಕ್ಕೇ ಕಳಿಸಬೇಕು. ಅಂದರೆ ತಾಯಂದಿರು ಅಡುಗೆಮನೆಯಲ್ಲಿ ನಿಂತು ಇದನ್ನು ಹಿಡಿಯಲಾರರು. ಹಿಡಿಯಲಾರದವರಿಗೆ ಮಾರುವಾಗಲೇ ವ್ಯಾಪಾರಿಯ ಮನಸ್ಸು ಏನು ಎಂದು ಗೊತ್ತಾಗುವುದು.

ನಮಗೆ ಒಬ್ಬ ದೊಡ್ಡ ಸಗಟು ಗಿರಾಕಿ ಇದ್ದರು. ಬೇರೆ ಊರಿನವರು. ನಮ್ಮ ಮಾಲಿನ ಹೆಚ್ಚಿನ ಪಾಲು ಅವರಿಗೇ ಹೋಗುತ್ತಿತ್ತು. ಒಂದು ಮಳೆಗಾಲ ಫೋನಿನಲ್ಲಿ ಹೇಳಿದರು: “ಪುಡಿ ಚಲೋ ಐತ್ರೀ. ಬಣ್ಣ ಅಷ್ಟ ಎದ್ದು ಬರವಲ್ದು. ಒಂದೀಟು ಏರಿಸಿ ಕೊಡ್ರೀ. ಉಳಿದವ್ರು ಕೊಡಾಕತ್ತಾರ, ನಿಮಗ್ಯಾಕ ಆಗೂದಿಲ್ಲ?” ಏರಿಸುವುದು ಎಂದರೆ ಏನು ಎಂದು ಅವರೂ ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಡಬ್ಬಿ ಕಾಯಿ ಜಾಸ್ತಿ ಹಾಕಿ ಕೊಡುತ್ತೇವೆ, ರೇಟು ಇಷ್ಟಾಗುತ್ತದೆ ಎಂದೆವು. ರೇಟು ಅದೇ ಇರಬೇಕು ಎಂದರು.

ಅವತ್ತು ರಾತ್ರಿ ಊಟದ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಮೇಲೆ ಬಡ್ಡಿ ನಡೆಯುತ್ತಿತ್ತು. ತೊಟ್ಟು ಬಿಡಿಸಲು ಬರುವ ಹೆಣ್ಣುಮಕ್ಕಳಿಗೆ ವಾರದ ಪಗಾರ ಕೊಡಬೇಕಿತ್ತು. ನಮ್ಮ ಯಜಮಾನರು ತಟ್ಟೆಯಲ್ಲಿ ಕೈ ಇಟ್ಟುಕೊಂಡೇ, “ಆರ್ಡರ್ ಹೋದ್ರ ಹೋಗ್ಲಿ ಬಿಡು. ಅದನ್ನ ತಿಂದು ನಮ್ಮ ಹುಡುಗ್ರಿಗೂ ಬಡಿಸಾಕ ಆಗೂದಿಲ್ಲ” ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಜೀವನಪೂರ್ತಿ ಋಣಿ. ಗುರುಗಳ ಪ್ರವಚನವನ್ನು ನಾವಿಬ್ಬರೂ ಒಟ್ಟಿಗೆ ಕೂತು ಕೇಳಿದ್ದು ಅವತ್ತು ಕೆಲಸಕ್ಕೆ ಬಂತು ಎಂದೇ ನನ್ನ ನಂಬಿಕೆ. ಲೆಕ್ಕ ಹಾಕುತ್ತಾ ಕೂತಿದ್ದರೆ ಯಾವ ಲೆಕ್ಕವೂ ‘ಆರ್ಡರ್ ಬೇಡ’ ಎಂದು ನಮಗೆ ಹೇಳುತ್ತಿರಲಿಲ್ಲ.

ಆರ್ಡರ್ ಹೋಯಿತು. ಆ ವರ್ಷ ಯಂತ್ರಗಳು ಅರ್ಧ ಹೊತ್ತು ಸುಮ್ಮನೆ ನಿಂತವು. ಯಾರನ್ನೂ ಕೆಲಸದಿಂದ ಬಿಡಿಸಲಿಲ್ಲ, ಆದರೆ ನನ್ನ ಬಳೆ ಬ್ಯಾಂಕಿಗೆ ಹೋದವು. ಪ್ರಾಮಾಣಿಕವಾಗಿದ್ದರೆ ದೇವರು ಕೂಡಲೇ ಕೈಹಿಡಿಯುತ್ತಾನೆ ಎಂದು ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹಾಗೆ ಆಗುವುದಿಲ್ಲ. ನಷ್ಟ ನಷ್ಟವೇ. ದೇವರು ಕೊಡುವುದು ಆ ನಷ್ಟವನ್ನು ತಡೆದುಕೊಳ್ಳುವ ಗಟ್ಟಿತನ.

ಆ ಬಿಡುವಿನಲ್ಲಿ ನಾವು ಕೆಲಸದ ಕ್ರಮ ಬದಲಿಸಿದೆವು. ಒಳ್ಳೆಯ ಕಾಯಿ ಬರುವ ತಿಂಗಳುಗಳಲ್ಲೇ ವರ್ಷದ ಕಾಯಿ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದು, ಆರ್ಡರ್ ಬಂದಂತೆ ಸ್ವಲ್ಪ ಸ್ವಲ್ಪವೇ ಬೀಸುವುದು. ಪ್ರತಿ ಲಾಟಿನ ಮಾದರಿ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಹೋಗಬೇಕು. ಬೀಸುವಾಗ ಎಣ್ಣೆ ಹಾಕುವುದನ್ನು ನಿಲ್ಲಿಸಿದೆವು. 2 ಪರ್ಸೆಂಟಿನವರೆಗೆ ಅಡುಗೆ ಎಣ್ಣೆ ಹಾಕಲು ನಿಯಮದಲ್ಲಿ ಅವಕಾಶವಿದೆ, ಪೊಟ್ಟಣದ ಮೇಲೆ ಬರೆಯಬೇಕು ಅಷ್ಟೆ. ಆದರೂ ಮೆಣಸಿನಕಾಯಿ ರೇಟಿನಲ್ಲಿ ಎಣ್ಣೆ ಮಾರುವುದು ನಮಗೆ ಒಗ್ಗಲಿಲ್ಲ. ಮಿಶ್ರಣದ ಪೊಟ್ಟಣದ ಮೇಲೆ ‘ಬ್ಯಾಡಗಿ ಮತ್ತು ಗುಂಟೂರು ಕಾಯಿಯ ಮಿಶ್ರಣ’ ಎಂದು ದೊಡ್ಡದಾಗಿ ಅಚ್ಚು ಹಾಕಿಸಿದೆವು. ಇದಕ್ಕೆ ಮನೆಯಲ್ಲೇ ವಿರೋಧ ಬಂತು. ಗುಂಟೂರು ಎಂದು ನೋಡಿದರೆ ನಮ್ಮ ಜನ ಕೈ ಹಾಕುವುದಿಲ್ಲ ಎಂಬ ಹೆದರಿಕೆ. ಕೆಲವು ಅಂಗಡಿಯವರು ಪೆಟ್ಟಿಗೆಯನ್ನೇ ವಾಪಸ್ ಕಳಿಸಿದ್ದೂ ಉಂಟು. ನಿಧಾನಕ್ಕೆ ಖಾನಾವಳಿಯವರು, ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಅದನ್ನೇ ಹುಡುಕಿಕೊಂಡು ಬರಲು ಶುರು ಮಾಡಿದರು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಅವರಿಗೆ ಮೊದಲಿನಿಂದಲೂ ಗೊತ್ತು. ಅವರಿಗೆ ಬೇಕಿದ್ದದ್ದು ಯಾವುದು ಎಷ್ಟು ಎಂಬ ಸತ್ಯ ಮಾತ್ರ.

ಇನ್ನು ಲೆಕ್ಕದ ಪುಸ್ತಕ. ದೀಪಾವಳಿ ಅಮಾವಾಸ್ಯೆಗೆ ಗದ್ದಿಯಲ್ಲಿ ಲಕ್ಷ್ಮೀಪೂಜೆ ಮಾಡುವಾಗ ಕಿರ್ದಿ, ಖಾತೆ ಪುಸ್ತಕಗಳಿಗೆ ಕುಂಕುಮ ಹಚ್ಚಿ ಮೊದಲ ಪುಟದಲ್ಲಿ ಶ್ರೀಕಾರ ಬರೆಯುತ್ತೇವೆ. ನಮ್ಮ ಕಡೆ ಹಲವು ವ್ಯಾಪಾರದ ಮನೆಗಳಲ್ಲಿರುವ ಹಾಗೆ ನಮ್ಮಲ್ಲೂ ಎರಡು ಬಗೆಯ ಪುಸ್ತಕ ಇದ್ದವು. ಒಂದು ಪಕ್ಕಾ, ಒಂದು ಕಚ್ಚಾ. ಎರಡಕ್ಕೂ ಕುಂಕುಮ ಬೀಳುತ್ತಿತ್ತು. ಲಕ್ಷ್ಮಿಗೆ ತೋರಿಸಿ ಸರ್ಕಾರಕ್ಕೆ ಮುಚ್ಚಿಡುವ ಪುಸ್ತಕದ ಮೇಲೆ ಶ್ರೀಕಾರ ಬರೆಯಲು ನನಗೆ ಕೈ ಬರಲಿಲ್ಲ. ಮಾವನವರಿಗೆ ಹೇಳಿದೆ. ಅವರು ಬಹಳ ನೊಂದುಕೊಂಡರು. “ನಾ ಏನ್ ಕಳ್ಳ ಅದೀನೇನ್ ಯವ್ವಾ? ಹಂಗ ಮಾಡ್ಲಿಲ್ಲಂದ್ರ ಆವಾಗ ಮಿಲ್ಲ ನಿಲ್ತಿರಲಿಲ್ಲ” ಎಂದರು. ಅವರು ಸುಳ್ಳು ಹೇಳುವವರಲ್ಲ. ಬಿಲ್ಲಿಲ್ಲದೆ ಕೊಡುವವನ ಮಾಲು ಅಗ್ಗ, ಬಿಲ್ಲು ಹರಿಯುವವನ ಮಾಲು ತುಟ್ಟಿ ಎಂಬ ಪೇಟೆಯಲ್ಲಿ ಅವರು ಮೂವತ್ತು ವರ್ಷ ನಿಂತವರು. ಅವರನ್ನು ತೂಗುವ ಅಧಿಕಾರ ನನಗಿಲ್ಲ. ಮುಂದಿನದನ್ನು ಸರಿಮಾಡಲು ಅವರ ಅಪ್ಪಣೆ ಬೇಕು ಎಂದೆ. ಒಂದು ವಾರ ಮಾತು ಬಿಟ್ಟವರು, ಆಮೇಲೆ ತಾವೇ ಕಚ್ಚಾ ಪುಸ್ತಕಗಳನ್ನು ತಂದು ನನ್ನ ಮುಂದೆ ಇಟ್ಟರು.

ಇದು ಒಂದು ದಿನದ ಕೆಲಸ ಆಗಲಿಲ್ಲ. ಗೋದಾಮಿನ ಸ್ಟಾಕು ಪುಸ್ತಕದ ಸ್ಟಾಕಿಗೆ ಹೊಂದುತ್ತಿರಲಿಲ್ಲ. ನಮ್ಮ ಆಡಿಟರ್ ಸಮಾಧಾನವಾಗಿ ದಾರಿ ತೋರಿಸಿದರು. ಜಿಎಸ್‌ಟಿ ಬಾಕಿಯನ್ನು ನಾವಾಗಿಯೇ ಕಟ್ಟಲು ಡಿಆರ್‌ಸಿ-03 ಎಂಬ ಫಾರ್ಮ್ ಇದೆ. ಆದಾಯ ತೆರಿಗೆಯಲ್ಲಿ 2022ರಿಂದ ಹಳೇ ವರ್ಷಗಳಿಗೆ ‘ಅಪ್‌ಡೇಟೆಡ್ ರಿಟರ್ನ್’ ಕೊಡುವ ಅವಕಾಶ ಬಂತು. ಬಾಕಿ ತೆರಿಗೆ, ಬಡ್ಡಿಯ ಮೇಲೆ ಮೊದಲ ವರ್ಷದೊಳಗಾದರೆ 25 ಪರ್ಸೆಂಟ್, ಎರಡನೇ ವರ್ಷವಾದರೆ 50 ಪರ್ಸೆಂಟ್ ಹೆಚ್ಚಿಗೆ ಕಟ್ಟಬೇಕು. ಕಟ್ಟಿದೆವು. ಹೊಲ ಮಾರುವ ಮಾತೂ ಬಂದಿತ್ತು, ಅಷ್ಟಕ್ಕೆ ಹೋಗಲಿಲ್ಲ. ಬಿಲ್ಲಿಲ್ಲದೆ ಬೇಕು ಎನ್ನುವ ಅಂಗಡಿಗಳಿಗೆ ಒಂದೊಂದಾಗಿ ಮಾಲು ನಿಲ್ಲಿಸಿದೆವು.

ಈಗಿನ ಕಿರ್ದಿಯಲ್ಲಿ ನಾವು ಹೊಸದಾಗಿ ಒಂದು ಕಲಮು ಹಾಕಿಕೊಂಡಿದ್ದೇವೆ. ಅದರ ಹೆಸರು ‘ನಮ್ಮದಲ್ಲದ್ದು’. ಗಿರಾಕಿಯಿಂದ ವಸೂಲಾದ 5 ಪರ್ಸೆಂಟ್ ಜಿಎಸ್‌ಟಿ ನಮ್ಮದಲ್ಲ. ಕೆಲಸಗಾರರ ಪಗಾರದಲ್ಲಿ ಹಿಡಿದ ಇಎಸ್‌ಐ ವಿಮೆಯ ದುಡ್ಡು ನಮ್ಮದಲ್ಲ. ರೈತರಿಗೆ, ಪೌಚ್ ಅಚ್ಚು ಹಾಕುವ ಸಣ್ಣ ಮುದ್ರಕರಿಗೆ ಕೊಡಬೇಕಾದ್ದು ನಮ್ಮದಲ್ಲ. ಅಂಗಡಿಯವರು ಮರೆತು ಎರಡು ಸಲ ಹಾಕಿದ ಫೋನ್‌ಪೇ ನಮ್ಮದಲ್ಲ. ಸಂಜೆ ಲೆಕ್ಕ ಮುಗಿದ ಮೇಲೆ ಆ ಕಲಮಿನ ಮೊತ್ತ ಬೇರೆಯೇ ಒಂದು ಬ್ಯಾಂಕ್ ಖಾತೆಗೆ ಹೋಗುತ್ತದೆ. ಸಣ್ಣ ಉದ್ದಿಮೆಗಳಿಗೆ ಕರಾರಿದ್ದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು ಎಂದು 2006ರ ಕಾಯ್ದೆಯೇ ಇದೆ. ಆದರೂ ಎಷ್ಟೋ ಜನ ಬೇರೆಯವರ ದುಡ್ಡಿನಲ್ಲೇ ತಮ್ಮ ವ್ಯಾಪಾರ ತಿರುಗಿಸುತ್ತಾರೆ. ಆ ಕಲಮು ಬರೆಯಲು ಶುರು ಮಾಡಿದ ಮೇಲೆ ಗಲ್ಲೆಯಲ್ಲಿ ಕಾಣುವ ದುಡ್ಡು ಒಮ್ಮೆಲೇ ಕಡಿಮೆಯಾಯಿತು, ರಾತ್ರಿ ನಿದ್ದೆ ಸರಿಯಾಯಿತು. ನಮ್ಮಿಬ್ಬರಿಗೂ ತಿಂಗಳಿಗೆ ಇಷ್ಟು ಎಂದು ಪಗಾರ ಗೊತ್ತು ಮಾಡಿಕೊಂಡಿದ್ದೇವೆ. ಮನೆಗೆ ಬೇಕೆಂದು ಗಲ್ಲೆಗೆ ಕೈ ಹಾಕುವುದಿಲ್ಲ. ಇವತ್ತಿಗೆ ಎಷ್ಟು ಅಕ್ಕಿ ಸಾಕು ಎಂದು ಲಕ್ಕಮ್ಮ ನಿಶ್ಚಯ ಮಾಡಿದ್ದಳಲ್ಲ, ಇದು ನಮ್ಮ ಪಾಲಿನ ನಿಶ್ಚಯ.

ಲಂಚದ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಹೊಸದೇನಿಲ್ಲ. ಒಂದು ಕಚೇರಿಯಲ್ಲಿ ನಮ್ಮ ಅನುಮತಿಯ ಕಡತ ನಿಂತಿತು. ಏನು ಬೇಕು ಎಂದು ಮಧ್ಯದವರು ಹೇಳಿದರು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ನಾವು ಕೊಡಲಿಲ್ಲ. ಪ್ರತಿ ಭೇಟಿಯ ನಂತರ ನಡೆದದ್ದನ್ನು ಕಾಗದದಲ್ಲಿ ಬರೆದು, ರಿಜಿಸ್ಟರ್ಡ್ ಅಂಚೆಯಲ್ಲಿ ಅದೇ ಕಚೇರಿಗೆ ಕಳಿಸಿ ಪ್ರತಿ ಇಟ್ಟುಕೊಂಡೆವು. ಕೊನೆಗೆ ಅನುಮತಿ ಬಂತು, ಒಂದು ಸುಗ್ಗಿ ಹೆಚ್ಚುಕಡಿಮೆ ಕೈಬಿಟ್ಟು ಹೋದ ಮೇಲೆ. ಎಲ್ಲರಿಗೂ ಹೀಗೆ ಕಾಯುವ ಶಕ್ತಿ ಇರುವುದಿಲ್ಲ, ಅದನ್ನೂ ಹೇಳಬೇಕು.

ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ವಿಷಯಕ್ಕೆ ನಾವು ತಡವಾಗಿ ಬಂದೆವು, ಮೊದಲು ಅಲ್ಲಿಗೇ ಹೋಗಬೇಕಿತ್ತು ಎಂದು ನನ್ನ ಅಭಿಪ್ರಾಯ. ಆ ಘಾಟಿನಲ್ಲಿ ಇಡೀ ದಿನ ಕೂರುವುದು ಎಂದರೆ ಏನು ಎಂದು ಒಂದು ಗಂಟೆ ಕೂತರೆ ಗೊತ್ತಾಗುತ್ತದೆ. ಕಣ್ಣು, ಮೂಗು ಇರಲಿ, ಉಗುರಿನ ಸಂದಿಯ ಉರಿ ರಾತ್ರಿ ಮಗುವಿಗೆ ಹಾಲು ಕುಡಿಸುವಾಗಲೂ ಬಿಡುವುದಿಲ್ಲ ಎಂದು ಒಬ್ಬಾಕೆ ಹೇಳಿದಳು. ಕಿಲೋಗೆ ಇಷ್ಟು ಎಂದು ಕೂಲಿ. ಅವರ ಬುಟ್ಟಿ ತೂಗುವ ತಕ್ಕಡಿಗೂ ಅದೇ ಬಟ್ಟಿನ ಪರೀಕ್ಷೆ ಹಚ್ಚಿದೆವು. ತೂಗುವವರು ಅವರಲ್ಲೇ ಒಬ್ಬರು. ಧೂಳು ಎಳೆಯುವ ಯಂತ್ರ ಕೂಡಿಸಿದೆವು, ಕೈಗವಸು ಕೊಟ್ಟೆವು. ಕೈಗವಸಿನಲ್ಲಿ ಕೆಲಸ ನಿಧಾನವಾಗುತ್ತದೆ, ಕೂಲಿ ಕಡಿಮೆಯಾಗುತ್ತದೆ ಎಂದು ಅವರು ಬಿಚ್ಚಿಟ್ಟರು. ಕಿಲೋದ ರೇಟು ಏರಿಸಿದ ಮೇಲೆ ಮತ್ತೆ ಹಾಕಿಕೊಂಡರು. ಬರೀ ಕೈಗವಸು ಕೊಟ್ಟು ಫೋಟೊ ತೆಗೆಸಿಕೊಂಡಿದ್ದರೆ ಅದು ದಾಸೋಹ ಆಗುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ದರ ಕುಸಿದು ರೈತರ ಸಿಟ್ಟು ಕಟ್ಟೆಯೊಡೆಯಿತು. ಎಪಿಎಂಸಿ ಕಚೇರಿಗೆ ಕಲ್ಲು ಬಿದ್ದವು, ವಾಹನಗಳಿಗೆ ಬೆಂಕಿ ಬಿತ್ತು. ಅಂಥ ಸುಗ್ಗಿಯಲ್ಲಿ ಕಾಯಿ ಅಗ್ಗಕ್ಕೆ ಸಿಗುತ್ತದೆ. ಬಿಲ್ಲು ಪಕ್ಕಾ, ತೂಕ ಪಕ್ಕಾ, ಹಣ ಅವತ್ತೇ ಬಟವಾಡೆ. ಯಾವ ನಿಯಮವನ್ನೂ ಮುರಿದಂತಾಗುವುದಿಲ್ಲ. ಆದರೆ ಬೀಜ, ಗೊಬ್ಬರ, ಕಾಯಿ ಬಿಡಿಸುವ ಕೂಲಿಯೂ ಹುಟ್ಟದ ದರಕ್ಕೆ ಕೊಂಡ ಕಾಯಿಯ ಲಾಭ ಯಾವ ಕಲಮಿಗೆ ಹೋಗಬೇಕು? ಪೇಟೆಯ ದರ ನಾವು ಕಟ್ಟುವುದಲ್ಲ ಎಂದು ನಮ್ಮ ಯಜಮಾನರು ಹೇಳುತ್ತಾರೆ, ಅದೂ ನಿಜ. ದರ ಏರಿದ ವರ್ಷ ನಾವೂ ಪೆಟ್ಟು ತಿಂದಿದ್ದೇವೆ.

ನಮ್ಮ ಮಿಲ್ಲಿಗೆ ನೇರವಾಗಿ ಕಾಯಿ ತರುವ ರೈತರ ಜೊತೆಗಾದರೂ ಬಿತ್ತನೆಗೆ ಮೊದಲೇ ಒಂದು ಕನಿಷ್ಠ ದರ ಬರೆದುಕೊಳ್ಳೋಣ ಎಂದು ಈಗ ಮಾತು ನಡೆದಿದೆ. ಪೇಟೆ ಅದಕ್ಕಿಂತ ಮೇಲೆ ಹೋದರೆ ಪೇಟೆಯ ದರ, ಕೆಳಗೆ ಬಿದ್ದರೆ ಬರೆದ ದರ. ಎಷ್ಟು ಕ್ವಿಂಟಲಿನವರೆಗೆ ನಮ್ಮ ಕೈಲಿ ಆಗುತ್ತದೆ ಎಂದು ಆಡಿಟರ್ ಲೆಕ್ಕ ಹಾಕುತ್ತಿದ್ದಾರೆ. ಕರಾರಿನ ಕರಡನ್ನು ಮಾವನವರೇ ಬರೆದರು. ಬಿದ್ದ ದರದ ವರ್ಷವೂ ಹಣ ಮಾಲು ಇಳಿದ ದಿನವೇ ಕೊಡಬೇಕು ಎಂಬ ಸಾಲನ್ನು ಅವರು ಸೇರಿಸಿದ್ದಾರೆ. ಬರುವ ಸೋಮವಾರ ಮಾರುಕಟ್ಟೆ ಮುಗಿದ ಮೇಲೆ ರೈತರು ಮಿಲ್ಲಿಗೆ ಬರುತ್ತಾರೆ, ಓದಿ ನೋಡಿ ತಮ್ಮ ಮಾತು ಹೇಳುತ್ತಾರೆ.